ಚೀನಾದ ಶಾಲೆಗಳಲ್ಲಿ ಚಳಿಗಾಲದ ರಜೆ: ಟಿಕೆಟ್ ತೆಗೆಯುವ ಮುನ್ನ ಹೊರದೇಶದ ಶಿಕ್ಷಕರು ಮಾಡಬೇಕಾದ ಕೆಲಸಗಳು

ನನ್ನ ಮೇಜಿನ ಎದುರಿನ ಗೋಡೆಗೆ ಒಂದು ಹಾಳೆ ಅಂಟಿಸಿದ್ದಾರೆ. ಚೀನಾದ ಶಾಲೆಗಳ ಶಿಕ್ಷಕರ ಕೊಠಡಿಗಳಲ್ಲೆಲ್ಲ ಇಂಥದೊಂದು ಹಾಳೆ ಕಾಣುತ್ತದೆ. ಇದಕ್ಕೆ ಶ್ಯಾವ್‌ಲಿ ಎನ್ನುತ್ತಾರೆ, ಅಂದರೆ ಶಾಲೆಯ ಕ್ಯಾಲೆಂಡರು. ಎಡಗಡೆಯ ಕಾಲಮಿನಲ್ಲಿ ವಾರದ ಸಂಖ್ಯೆ: ಒಂದನೆಯ ವಾರ, ಎರಡನೆಯ ವಾರ, ಹೀಗೆ ಇಪ್ಪತ್ತರ ಆಚೀಚೆಯವರೆಗೆ. ಪ್ರತಿ ತಾರೀಖಿನ ಕೆಳಗೆ ಇರುವೆ ಸಾಲಿನಂಥ ಸಣ್ಣ ಅಕ್ಷರದಲ್ಲಿ ಚಾಂದ್ರಮಾನದ ತಿಥಿ. ಕೊನೆಯ ಸಾಲಿನಲ್ಲಿ ಎರಡೇ ಅಕ್ಷರ: ಹಾನ್‌ಜ್ಯಾ, ಚಳಿಗಾಲದ ರಜೆ.

ಮೊದಲ ವರ್ಷ ಆ ಸಾಲನ್ನು ನಂಬಿ ನಾನು ಬೆಂಗಳೂರಿಗೆ ಟಿಕೆಟ್ ತೆಗೆದೆ. ಆ ಸಾಲು ಮಕ್ಕಳ ರಜೆಯದ್ದು ಎಂದು ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಮಕ್ಕಳು ಚೀಲ ಹೊತ್ತು ಹೋದ ಮೇಲೂ ಶಿಕ್ಷಕರಿಗೆ ಮೂರು ದಿನ ಕೆಲಸವಿತ್ತು: ಅಂಕಪಟ್ಟಿ, ಪ್ರತಿ ಮಗುವಿನ ಬಗ್ಗೆ ಬರೆಯಬೇಕಾದ ಟಿಪ್ಪಣಿ, ಒಂದು ದಿನದ ತರಬೇತಿ. ಟಿಕೆಟ್ ಬದಲಿಸಲು ಸಂಬಳದ ದೊಡ್ಡ ಪಾಲು ಹೋಯಿತು. ಶಿವಮೊಗ್ಗದಲ್ಲಿ ತಂಗಿಯ ಮಗುವಿನ ನಾಮಕರಣವೂ ತಪ್ಪಿಹೋಯಿತು. ಹಣ ಆಮೇಲೆ ಬಂತು, ಆ ದಿನ ಬರಲಿಲ್ಲ. ಇನ್ನೊಬ್ಬರಿಗೆ ಹಾಗಾಗಬಾರದು ಎಂದು ಇದನ್ನು ಬರೆಯುತ್ತಿದ್ದೇನೆ.

ಇಲ್ಲಿರುವ ಭಾರತೀಯ ಶಿಕ್ಷಕರಲ್ಲಿ ಹೆಚ್ಚಿನವರು ಇಂಗ್ಲಿಷ್ ಕಲಿಸುವವರಲ್ಲ. ಭಾಷೆ ಕಲಿಸುವ ಕೆಲಸಕ್ಕೆ ಆ ಭಾಷೆ ಮಾತೃಭಾಷೆಯಾಗಿರುವ ದೇಶದವರೇ ಆಗಬೇಕು ಎಂಬುದು ಚೀನಾದ ಕೆಲಸದ ಪರವಾನಗಿಯ ಸಾಮಾನ್ಯ ನಿಯಮ. ನಮ್ಮವರು ಗಣಿತ, ಭೌತಶಾಸ್ತ್ರ, ಕಂಪ್ಯೂಟರ್ ಕಲಿಸುತ್ತಾರೆ, ವೈದ್ಯಕೀಯ ವಿಶ್ವವಿದ್ಯಾಲಯಗಳಲ್ಲಿ ಪಾಠ ಮಾಡುತ್ತಾರೆ, ಯೋಗ ಹೇಳಿಕೊಡುತ್ತಾರೆ. ಕುನ್ಮಿಂಗ್‌ನ ಯುನ್ನಾನ್ ಮಿನ್‌ಝು ವಿಶ್ವವಿದ್ಯಾಲಯದಲ್ಲಿ 2015ರಿಂದ ಭಾರತ–ಚೀನಾ ಯೋಗ ಕಾಲೇಜೇ ಇದೆ. ಯಾವ ವಿಷಯ ಕಲಿಸಿದರೂ ರಜೆಯ ಲೆಕ್ಕಾಚಾರ ಮಾತ್ರ ಒಂದೇ.

ಮೊದಲ ಹೆಜ್ಜೆ: ಅಮಾವಾಸ್ಯೆ ಹುಡುಕಿ

ಚೀನಾದಲ್ಲಿ ಚಳಿಗಾಲದ ರಜೆ ಡಿಸೆಂಬರಿನ ರಜೆಯಲ್ಲ. ಡಿಸೆಂಬರ್ 25ರಂದು ಸರ್ಕಾರಿ ರಜೆ ಇಲ್ಲ, ಅಂದು ಎಂದಿನಂತೆ ಪಾಠ ನಡೆಯುತ್ತದೆ. ಜನವರಿ 1ಕ್ಕೆ ರಜೆ ಇದೆ. ಆಮೇಲೆ ಕಾಯಬೇಕಾದದ್ದು ಛುನ್‌ಜ್ಯೇ ಹಬ್ಬಕ್ಕೆ, ಅಂದರೆ ಚೀನೀ ಹೊಸ ವರ್ಷದ ವಸಂತೋತ್ಸವಕ್ಕೆ. ಮೊದಲ ಅವಧಿ ಸೆಪ್ಟೆಂಬರಿನಲ್ಲಿ ಶುರುವಾಗಿ ಈ ಹಬ್ಬಕ್ಕೆ ಎರಡು ಮೂರು ವಾರ ಇರುವಾಗ ಮುಗಿಯುತ್ತದೆ. ಎರಡನೆಯ ಅವಧಿ ಹಬ್ಬದ ನಂತರದ ಹುಣ್ಣಿಮೆಯ ಆಸುಪಾಸಿನಲ್ಲಿ ಶುರುವಾಗುತ್ತದೆ. ಆ ಹುಣ್ಣಿಮೆ ಯ್ವಾನ್‌ಶ್ಯಾವ್, ಆಕಾಶಬುಟ್ಟಿಗಳ ಹಬ್ಬ.

ಪಂಚಾಂಗ ನೋಡಿ ಬೆಳೆದ ನಮಗೆ ಇದು ಕಷ್ಟದ ಲೆಕ್ಕವಲ್ಲ. ಚೀನೀ ಹೊಸ ವರ್ಷ ಯಾವಾಗಲೂ ಅಮಾವಾಸ್ಯೆಯ ಚಂದ್ರನೊಂದಿಗೆ ಶುರುವಾಗುತ್ತದೆ, ಜನವರಿ 21ರಿಂದ ಫೆಬ್ರವರಿ 20ರ ನಡುವೆ ಬೀಳುತ್ತದೆ. ಸಾಮಾನ್ಯವಾಗಿ ಅದು ನಮ್ಮ ಪುಷ್ಯ ಮಾಸದ ಅಮಾವಾಸ್ಯೆ. ಅಪರೂಪಕ್ಕೆ ಒಂದು ದಿನ ಹಿಂದೆ ಮುಂದೆ ಆಗುವುದುಂಟು, ಏಕೆಂದರೆ ಅವರು ಬೀಜಿಂಗಿನ ಗಡಿಯಾರ ನೋಡುತ್ತಾರೆ. 2025ರಲ್ಲಿ ಹಬ್ಬ ಜನವರಿ 29ಕ್ಕೆ ಬಂತು. 2026ರಲ್ಲಿ ಅದು ಫೆಬ್ರವರಿ 17ಕ್ಕೆ, ನಮ್ಮ ಶಿವರಾತ್ರಿ ಕಳೆದು ಎರಡನೆಯ ದಿನ, ಮಾಘದ ಅಮಾವಾಸ್ಯೆಯಂದು. ಪುಷ್ಯದ ಬದಲು ಮಾಘ ಎಂಬ ಒಂದು ತಿಂಗಳ ಈ ವ್ಯತ್ಯಾಸಕ್ಕೆ ಕಾರಣ ಅಧಿಕ ಮಾಸ. ಚೀನಾದವರು 2025ರ ಬೇಸಿಗೆಯಲ್ಲೇ ಒಂದು ತಿಂಗಳು ಹೆಚ್ಚಿಗೆ ಸೇರಿಸಿಕೊಂಡರು, ನಮ್ಮ ಅಧಿಕ ಜ್ಯೇಷ್ಠ ಬಂದದ್ದು 2026ರ ಮೇ ತಿಂಗಳಲ್ಲಿ. 2027ರ ಹಬ್ಬ ಫೆಬ್ರವರಿ 6, ಶನಿವಾರ. ಮತ್ತೆ ಪುಷ್ಯದ ಅಮಾವಾಸ್ಯೆ. 2028ರಲ್ಲಿ ಜನವರಿ 26.

ಈ ಏರುಪೇರು ನಿಮ್ಮ ರಜೆಯನ್ನು ನೇರವಾಗಿ ತಟ್ಟುತ್ತದೆ. ಹಬ್ಬ ಜನವರಿ ಕೊನೆಯಲ್ಲಿದ್ದರೆ ಸಂಕ್ರಾಂತಿಯ ಹೊತ್ತಿಗೆ ಪರೀಕ್ಷೆಗಳು ಮುಗಿಯುತ್ತ ಬಂದಿರುತ್ತವೆ. ಫೆಬ್ರವರಿ ಮಧ್ಯಕ್ಕೆ ಬಿದ್ದರೆ ಸಂಕ್ರಾಂತಿಯ ದಿನ ನೀವು ತರಗತಿಯಲ್ಲೇ ಇರುತ್ತೀರಿ. ಮನೆಯಲ್ಲಿ ಮದುವೆ, ಗೃಹಪ್ರವೇಶ, ಉಪನಯನ ಇಟ್ಟುಕೊಳ್ಳುವವರಿದ್ದರೆ ಹಬ್ಬದ ತಾರೀಖನ್ನು ಒಂದು ವರ್ಷ ಮೊದಲೇ ಅವರಿಗೆ ಹೇಳಿಡಿ. ನನ್ನ ಅಮ್ಮ ಈಗ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಆ ಅಮಾವಾಸ್ಯೆಗೆ ಸುತ್ತು ಹಾಕಿ, ಅದರ ಹಿಂದು ಮುಂದಿನ ಎರಡು ವಾರಗಳನ್ನು ನನಗಾಗಿ ತೆಗೆದಿಡುತ್ತಾರೆ.

ಸರ್ಕಾರಿ ರಜೆ ಬೇರೆ, ಶಾಲೆಯ ರಜೆ ಬೇರೆ

ಇವೆರಡನ್ನೂ ಬೆರೆಸಿಕೊಂಡು ಕೆಟ್ಟವರು ಬಹಳ. ದೇಶಕ್ಕೆಲ್ಲ ಅನ್ವಯಿಸುವ ರಜೆಯನ್ನು ಚೀನಾದ ಕೇಂದ್ರ ಸರ್ಕಾರ ಹಿಂದಿನ ವರ್ಷದ ನವೆಂಬರ್ ಆಸುಪಾಸಿನಲ್ಲಿ ಪ್ರಕಟಿಸುತ್ತದೆ. 2025ರಿಂದ ವರ್ಷದ ಕಾನೂನುಬದ್ಧ ರಜೆ 11ರಿಂದ 13 ದಿನಕ್ಕೆ ಏರಿತು. ಅದರಲ್ಲಿ ವಸಂತೋತ್ಸವದ ಪಾಲು 4 ದಿನ: ಹಬ್ಬದ ಹಿಂದಿನ ದಿನ ಮತ್ತು ಹಬ್ಬದ ಮೂರು ದಿನ. 2026ರಲ್ಲಿ ಸರ್ಕಾರ ಫೆಬ್ರವರಿ 15ರಿಂದ 23ರವರೆಗೆ 9 ದಿನ ಕೊಟ್ಟಿತಲ್ಲ ಎಂದು ಕೇಳಬಹುದು. 4 ದಿನ ಕಾನೂನಿನದು, 3 ದಿನ ಶನಿವಾರ ಭಾನುವಾರದ್ದು, ಉಳಿದ 2 ದಿನ ಸಾಲ. ಆ ಸಾಲ ತೀರಿಸಲು ಫೆಬ್ರವರಿ 14 ಮತ್ತು 28, ಎರಡೂ ಶನಿವಾರ, ಕೆಲಸದ ದಿನಗಳಾದವು. ಹೀಗೆ ವಾರಾಂತ್ಯವನ್ನು ಕೊಟ್ಟು ರಜೆ ಕೊಳ್ಳುವುದಕ್ಕೆ ಥ್ಯಾವ್‌ಶ್ಯೂ ಎಂದು ಹೆಸರು. ಈ ಪದವನ್ನು ಕಲಿತುಕೊಳ್ಳಿ. ಸಿಬ್ಬಂದಿ ವಿಭಾಗದ ಸಂದೇಶದಲ್ಲಿ ಅದು ಕಂಡರೆ ಯಾವುದೋ ಒಂದು ಶನಿವಾರ ಅಥವಾ ಭಾನುವಾರ ಹೋಯಿತೆಂದೇ ಅರ್ಥ.

ನಾಲ್ಕು ವಾರದ ಹಾನ್‌ಜ್ಯಾ ಇದಕ್ಕಿಂತ ಬೇರೆ. ಅದನ್ನು ಪ್ರಾಂತ್ಯ ಅಥವಾ ನಗರದ ಶಿಕ್ಷಣ ಇಲಾಖೆ ಗೊತ್ತುಮಾಡುತ್ತದೆ. ಆದ್ದರಿಂದ ಊರಿಂದೂರಿಗೆ ವ್ಯತ್ಯಾಸವಿರುತ್ತದೆ. ಮೈನಡುಗಿಸುವ ಚಳಿಯ ಹೇಲೊಂಗ್‌ಜ್ಯಾಂಗ್‌ನಂಥ ಈಶಾನ್ಯದ ಪ್ರಾಂತ್ಯಗಳಲ್ಲಿ ಚಳಿಗಾಲದ ರಜೆ ಉದ್ದ, ಬೇಸಿಗೆಯದು ಮೊಟಕು. ದಕ್ಷಿಣದಲ್ಲಿ ಅದರ ತಿರುವುಮುರುವು. ಹಾರ್ಬಿನ್‌ನಲ್ಲಿರುವ ಗೆಳೆಯನ ರಜೆಯ ತಾರೀಖನ್ನು ಗ್ವಾಂಗ್‌ಝೌನಲ್ಲಿರುವ ನೀವು ನೆಚ್ಚಬೇಡಿ.

ನಿಮ್ಮದು ಎಂಥ ಶಾಲೆ?

ಸರ್ಕಾರಿ ಶಾಲೆಯಾದರೆ ಮಕ್ಕಳ ರಜೆ ಸುಮಾರು ನಾಲ್ಕು ವಾರ. ಹೊರದೇಶದ ಶಿಕ್ಷಕರ ವಿಷಯ ಮುಖ್ಯ ಪರೀಕ್ಷೆಯಲ್ಲಿ ಇಲ್ಲದಿದ್ದರೆ ಅವರ ಪಾಠ ಒಂದೆರಡು ವಾರ ಮೊದಲೇ ನಿಲ್ಲುವುದುಂಟು. ಪಾಠ ನಿಂತ ಮಾತ್ರಕ್ಕೆ ಹೊರಡಲು ಅನುಮತಿ ಸಿಕ್ಕಿತು ಎಂದಲ್ಲ, ಅದನ್ನು ಪ್ರತ್ಯೇಕವಾಗಿ ಕೇಳಬೇಕು.

ವಿಶ್ವವಿದ್ಯಾಲಯದವರು ಅದೃಷ್ಟವಂತರು, ಐದಾರು ವಾರ ಸಿಗುತ್ತದೆ. ಹೊರದೇಶದ ಅಧ್ಯಾಪಕರು ತಮ್ಮ ವಿಷಯದ ಪರೀಕ್ಷೆಯನ್ನು ಸಾಮಾನ್ಯ ಪರೀಕ್ಷೆಯ ವಾರಕ್ಕಿಂತ ಮೊದಲೇ ಮುಗಿಸಿ, ಅಂಕಗಳನ್ನು ವ್ಯವಸ್ಥೆಗೆ ಏರಿಸಿ, ಉತ್ತರಪತ್ರಿಕೆಗಳ ಕಟ್ಟನ್ನು ಕಚೇರಿಗೆ ಒಪ್ಪಿಸಿ ಹೊರಡಬಹುದು. ಆ ಕಟ್ಟು ಒಪ್ಪಿಸಿದ್ದಕ್ಕೆ ಸಹಿ ಪಡೆಯಿರಿ.

ಹೊರದೇಶದವರ ಮಕ್ಕಳೇ ಓದುವ ಅಂತರರಾಷ್ಟ್ರೀಯ ಶಾಲೆಗಳ ಲೆಕ್ಕ ಪೂರ್ತಿ ಬೇರೆ. ಅಲ್ಲಿ ಕ್ರಿಸ್‌ಮಸ್‌ಗೆ ಎರಡು ಮೂರು ವಾರ, ವಸಂತೋತ್ಸವಕ್ಕೆ ಒಂದೆರಡು ವಾರ. ನನ್ನಂತೆ ಖಾಸಗಿ ಶಾಲೆಯ ಅಂತರರಾಷ್ಟ್ರೀಯ ವಿಭಾಗದಲ್ಲಿ ಇರುವವರು ಹೆಸರು ನೋಡಿ ಮೋಸಹೋಗಬಾರದು. ಬೋರ್ಡಿನ ಮೇಲೆ ಅಂತರರಾಷ್ಟ್ರೀಯ ಎಂದಿದ್ದರೂ ಮಕ್ಕಳು ಚೀನಾದವರು, ಕ್ಯಾಲೆಂಡರೂ ಚೀನಾದ್ದೇ. ಜೊತೆಗೆ ಹೊರದೇಶದ ವಿಶ್ವವಿದ್ಯಾಲಯ ಸೇರಲು ಎ ಲೆವೆಲ್ ಅಥವಾ ಎಪಿ ಪರೀಕ್ಷೆ ಬರೆಯುವ ಮಕ್ಕಳಿಗೆ ರಜೆಯಲ್ಲೂ ಪುನರಾವರ್ತನೆ ತರಗತಿ ಇಡುವ ಪದ್ಧತಿ ಇದೆ. ಅದಕ್ಕೆ ನಿಮ್ಮನ್ನು ಹಾಕಿಕೊಂಡಿದ್ದಾರೆಯೇ, ಹಾಕಿಕೊಂಡರೆ ಹೆಚ್ಚುವರಿ ಹಣವೆಷ್ಟು ಎಂಬುದು ಅಕ್ಟೋಬರಿನಲ್ಲೇ ಗೊತ್ತಾಗಬೇಕು.

ಇನ್ನು ತರಬೇತಿ ಕೇಂದ್ರಗಳು. ಮಕ್ಕಳಿಗೆ ಬಿಡುವಿದ್ದಾಗಲೇ ಅವರಿಗೆ ಸುಗ್ಗಿ, ಆದ್ದರಿಂದ ಶಿಕ್ಷಕರಿಗೆ ಸರ್ಕಾರಿ ರಜೆಯ ದಿನಗಳಷ್ಟೇ ಸಿಗುತ್ತವೆ. ಇಲ್ಲಿ ಒಂದು ಮಾತು ಗಮನಿಸಿ: ಮಕ್ಕಳ ಓದಿನ ಹೊರೆ ಇಳಿಸಲು 2021ರ ಜುಲೈಯಲ್ಲಿ ಬಂದ ಷ್ವಾಂಗ್‌ಜ್ಯೆನ್ ನೀತಿಯ ಪ್ರಕಾರ ಒಂದರಿಂದ ಒಂಬತ್ತನೆಯ ತರಗತಿಯ ಮಕ್ಕಳಿಗೆ ವಾರಾಂತ್ಯದಲ್ಲಾಗಲಿ, ಬೇಸಿಗೆ ಚಳಿಗಾಲದ ರಜೆಯಲ್ಲಾಗಲಿ ಶಾಲಾ ಪಠ್ಯವಿಷಯಗಳ ಪಾಠವನ್ನು ಶಾಲೆಯ ಹೊರಗೆ ಹೇಳುವಂತಿಲ್ಲ. ಕಲೆ, ಆಟ, ಯೋಗದಂಥವುಗಳಿಗೆ ಆ ತಡೆ ಇಲ್ಲ. ರಜೆಯಲ್ಲಿ ಗಣಿತದ ಶಿಬಿರ ನಡೆಸಿಕೊಡಿ ಎಂದು ಕೇಂದ್ರದವರು ಕೇಳಿದರೆ ನಿಯಮ ಮುರಿಯುತ್ತಿರುವವರು ಅವರು, ಸಿಕ್ಕಿಬೀಳುವಾಗ ನಿಮ್ಮ ಪರವಾನಗಿಯೂ ಜೊತೆಗೆ ಹೋಗಬಹುದು.

ಬೇರೆ ಶಾಲೆಯವರ ಚಳಿಗಾಲದ ಶಿಬಿರಗಳ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ಡಿಸೆಂಬರ್ ಬಂತೆಂದರೆ ವೀಚಾಟ್ ಎಂಬ ಚೀನಾದ ಚಾಟ್ ಆ್ಯಪ್‌ನ ಗುಂಪುಗಳಲ್ಲಿ ‘ಹತ್ತು ದಿನದ ಕೆಲಸ, ಕೈಗೆ ನಗದು’ ಎಂಬ ಸಂದೇಶಗಳು ಓಡಾಡುತ್ತವೆ. ನಿಮ್ಮ ಕೆಲಸದ ಪರವಾನಗಿ ಒಂದೇ ಸಂಸ್ಥೆಗೆ ಕಟ್ಟಿದ್ದು. ಅದರ ಹೊರಗೆ ದುಡಿದರೆ ಚೀನಾದ ಪ್ರವೇಶ–ನಿರ್ಗಮನ ಕಾನೂನಿನಲ್ಲಿ ಅದು ಅಕ್ರಮ ಕೆಲಸ. ದಂಡ 5,000ದಿಂದ 20,000 ಯುವಾನ್, ಪ್ರಕರಣ ಗಂಭೀರವಾದರೆ 5ರಿಂದ 15 ದಿನ ಬಂಧನ. ಬೇಡ. ದಯವಿಟ್ಟು ಬೇಡ.

ಮೂರು ತಾರೀಖು, ಒಂದು ಮುದ್ರೆ

ಈ ಲೇಖನದಿಂದ ಒಂದನ್ನೇ ನೆನಪಿಡುವುದಾದರೆ ಇದನ್ನು ನೆನಪಿಡಿ. ಸಿಬ್ಬಂದಿ ವಿಭಾಗದಿಂದ ಮೂರು ತಾರೀಖುಗಳನ್ನು ಬರಹದಲ್ಲಿ ಪಡೆಯಬೇಕು: ನೀವು ಶಾಲೆಯಲ್ಲಿ ಇರಲೇಬೇಕಾದ ಕೊನೆಯ ದಿನ, ಮರಳಿ ಹಾಜರಾಗಬೇಕಾದ ಮೊದಲ ದಿನ, ರಜೆಯ ತಿಂಗಳ ಸಂಬಳ ಬರುವ ದಿನ. ‘ರಜೆ ಯಾವಾಗ’ ಎಂದು ಕೇಳಿದರೆ ಮಕ್ಕಳ ರಜೆಯನ್ನೇ ಹೇಳುತ್ತಾರೆ. ಅವರ ತಪ್ಪಲ್ಲ, ಪ್ರಶ್ನೆಯೇ ಸಡಿಲ. ‘ಹೊರದೇಶದ ಶಿಕ್ಷಕರು ಯಾವ ದಿನ ಊರು ಬಿಡಬಹುದು, ಯಾವ ದಿನ ಮರಳಿ ಬಂದು ಹಾಜರಿಗೆ ಸಹಿ ಹಾಕಬೇಕು’ ಎಂದು ಕೇಳಿ. ಮರಳುವ ದಿನದ ಬಗ್ಗೆ ಇನ್ನೂ ಎಚ್ಚರ ಬೇಕು. ಶಿಕ್ಷಕರು ಸಾಮಾನ್ಯವಾಗಿ ಮಕ್ಕಳಿಗಿಂತ ಎರಡು ಮೂರು ದಿನ ಮೊದಲೇ ಸಭೆಗೆ ಬರಬೇಕಾಗುತ್ತದೆ.

ಬಾಯಿಮಾತು ಸಾಲದು. ವೀಚಾಟ್‌ನಲ್ಲಿ ಬಂದ ಉತ್ತರವನ್ನು ಚಿತ್ರವಾಗಿ ಉಳಿಸಿಕೊಳ್ಳಿ. ಇಮೇಲ್ ಆದರೆ ಇನ್ನೂ ಒಳ್ಳೆಯದು. ಉತ್ತರ ಬರುವುದು ತಡವಾದರೆ ಸುಮ್ಮನೆ ಕೂರಬೇಡಿ. ‘ಜನವರಿ 22ರ ಟಿಕೆಟ್ ತೆಗೆಯಬೇಕೆಂದಿದ್ದೇನೆ, ತೊಂದರೆ ಇದ್ದರೆ ಈ ಶುಕ್ರವಾರದೊಳಗೆ ತಿಳಿಸಿ’ ಎಂದು ನೀವೇ ಒಂದು ತಾರೀಖು ಮುಂದಿಡಿ. ಎದುರಿಗೆ ತಾರೀಖು ಬಿದ್ದಾಗ ಕಚೇರಿಗಳು ಬೇಗ ಎಚ್ಚರಗೊಳ್ಳುತ್ತವೆ.

ಇನ್ನು ಮುದ್ರೆ. ಚೀನಾದಲ್ಲಿ ಕಾಗದಕ್ಕೆ ಜೀವ ಬರುವುದು ಸಂಸ್ಥೆಯ ದುಂಡನೆಯ ಕೆಂಪು ಮುದ್ರೆ ಬಿದ್ದಾಗ. ಉದ್ಯೋಗ ಪ್ರಮಾಣಪತ್ರ, ಸಂಬಳದ ಪತ್ರ, ಪರವಾನಗಿ ನವೀಕರಣದ ಅರ್ಜಿ, ಕೆಲಸ ಬಿಡುವವರಿಗೆ ಬಿಡುಗಡೆ ಪತ್ರ, ಎಲ್ಲಕ್ಕೂ ಅದು ಬೇಕು. ರಜೆ ಶುರುವಾದ ಮರುದಿನ ಮುದ್ರೆ ಬೀರುವಿನೊಳಗೆ ಹೋಗುತ್ತದೆ, ಬೀರುವಿನ ಕೀಲಿ ಇರುವವರು ಸಾವಿರ ಕಿಲೋಮೀಟರ್ ದೂರದ ತಮ್ಮ ಊರಿಗೆ ಹೋಗುತ್ತಾರೆ. ಮತ್ತೆ ಅದು ಹೊರಬರುವುದು ತಿಂಗಳ ಮೇಲೆ. ಹಾಗಾಗಿ ಫೆಬ್ರವರಿ, ಮಾರ್ಚ್‌ನಲ್ಲಿ ಬೇಕಾಗಬಹುದಾದ ಪ್ರತಿಯೊಂದು ಪತ್ರವನ್ನೂ ಡಿಸೆಂಬರ್ ಕೊನೆಯೊಳಗೆ ಮಾಡಿಸಿಟ್ಟುಕೊಳ್ಳಿ. ಕರಾರು ಜನವರಿಗೇ ಮುಗಿಯುವವರಿಗಂತೂ ಇದು ಅನ್ನದ ಪ್ರಶ್ನೆ. ಬಿಡುಗಡೆ ಪತ್ರ ಮತ್ತು ಹಳೆಯ ಪರವಾನಗಿಯ ರದ್ದತಿ ಪತ್ರ ಕೈಯಲ್ಲಿಲ್ಲದೆ ಹೊಸ ಶಾಲೆ ನಿಮ್ಮ ಅರ್ಜಿಯನ್ನೇ ಮುಟ್ಟುವುದಿಲ್ಲ.

ಪಾಸ್‌ಪೋರ್ಟ್ ನಿಮ್ಮ ಕೈಯಲ್ಲಿ ಇರುತ್ತದೆಯೇ?

ವಾಸದ ಪರವಾನಗಿಯ ಚೀಟಿ ಪಾಸ್‌ಪೋರ್ಟಿನೊಳಗೆ ಅಂಟಿಸಿರುತ್ತದೆ. ಅದು ಚಾಲ್ತಿಯಲ್ಲಿ ಇರುವವರೆಗೆ ಎಷ್ಟು ಸಲ ಬೇಕಾದರೂ ಚೀನಾದಿಂದ ಹೊರಗೆ ಹೋಗಿ ಬರಬಹುದು, ಬೇರೆ ವೀಸಾ ಬೇಡ. ಅದರ ಮೇಲಿನ ಕೊನೆಯ ತಾರೀಖನ್ನು ಇವತ್ತೇ ತೆರೆದು ನೋಡಿ. ಮರಳುವ ದಿನಕ್ಕಿಂತ ಮೊದಲೇ ಅದು ಮುಗಿಯುವಂತಿದ್ದರೆ ಊರಲ್ಲಿ ಕೂತು ಅದನ್ನು ವಿಸ್ತರಿಸಲಾಗದು. ಮತ್ತೆ ಝಡ್ ವೀಸಾದಿಂದ, ಅಂದರೆ ಕೆಲಸಕ್ಕೆ ಬರುವವರಿಗೆ ಕೊಡುವ ವೀಸಾದಿಂದ ಶುರುಮಾಡಬೇಕು, ಅಷ್ಟರಲ್ಲಿ ಎರಡನೆಯ ಅವಧಿ ಅರ್ಧ ಕಳೆದಿರುತ್ತದೆ.

ವಿಸ್ತರಣೆಯ ಅರ್ಜಿಯನ್ನು ಅವಧಿ ಮುಗಿಯುವುದಕ್ಕೆ 30 ದಿನ ಮೊದಲೇ ಕೊಡಬೇಕು. ತೀರ್ಮಾನಕ್ಕೆ ಪೊಲೀಸರಿಗೆ ಕಾನೂನು ಕೊಡುವ ಕಾಲ 15 ದಿನ. ಆ ಅವಧಿಯಲ್ಲಿ ಪಾಸ್‌ಪೋರ್ಟ್ ಅವರ ಹತ್ತಿರವೇ ಇರುತ್ತದೆ. ಕೌಂಟರಿನ ಗಾಜಿನ ಕೆಳಗಿನ ಸಂದಿಯಲ್ಲಿ ನನ್ನ ನೀಲಿ ಪಾಸ್‌ಪೋರ್ಟ್ ಒಳಗೆ ಸರಿಯಿತು, ಬದಲಿಗೆ ನನ್ನ ಫೋಟೋ ಅಚ್ಚಾದ ಒಂದು ತೆಳು ಹಾಳೆ ಹೊರಗೆ ಬಂತು. ಅದನ್ನು ತೋರಿಸಿ ದೇಶದೊಳಗೆ ರೈಲು ಹತ್ತಬಹುದು, ಹೋಟೆಲಿನಲ್ಲಿ ತಂಗಬಹುದು. ವಿಮಾನ ಹತ್ತಿ ದೇಶ ಬಿಡಲಾಗದು. ಜನವರಿ ಮೊದಲ ವಾರ ಅರ್ಜಿ ಕೊಟ್ಟ ಸಹೋದ್ಯೋಗಿಯೊಬ್ಬರು ಆ ಹಾಳೆಯನ್ನು ಹಿಡಿದುಕೊಂಡೇ ರಜೆಯ ಮೊದಲ ವಾರವನ್ನು ಕಳೆದದ್ದನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ನವೀಕರಣ ಫೆಬ್ರವರಿ, ಮಾರ್ಚ್‌ಗೆ ಬೀಳುವಂತಿದ್ದರೆ ನವೆಂಬರಿನಲ್ಲೇ ಶಾಲೆಯನ್ನು ಎಬ್ಬಿಸಿ.

ಪಾಸ್‌ಪೋರ್ಟಿನ ಅವಧಿಯನ್ನೂ ನೋಡಿ. ಬೀಜಿಂಗಿನ ರಾಯಭಾರ ಕಚೇರಿಯಲ್ಲಿ, ಶಾಂಘೈ ಮತ್ತು ಗ್ವಾಂಗ್‌ಝೌನ ಕಾನ್ಸುಲೇಟುಗಳಲ್ಲಿ ನಮ್ಮ ಪಾಸ್‌ಪೋರ್ಟ್ ನವೀಕರಣ ಆಗುತ್ತದೆ. ಹೊಸ ಪಾಸ್‌ಪೋರ್ಟ್ ಬಂದ 10 ದಿನದೊಳಗೆ ವಾಸದ ಪರವಾನಗಿಯಲ್ಲಿ ಬದಲಾವಣೆಗೆ ಅರ್ಜಿ ಕೊಡಬೇಕು. ಆಗ ಮತ್ತೆ ಪಾಸ್‌ಪೋರ್ಟ್ ಪೊಲೀಸರ ಕೈಗೆ. ಈ ಎರಡು ಕೆಲಸವನ್ನು ರಜೆಗೆ ಮುಂಚಿನ ತಿಂಗಳಲ್ಲಿ ಹಚ್ಚಿಕೊಳ್ಳಬೇಡಿ.

ಹೊರಡುವಾಗ ಪದವಿ ಪತ್ರ, ಅದರ ದೃಢೀಕರಣ, ಕರಾರು, ಕೆಲಸದ ಪರವಾನಗಿ ಇವುಗಳ ಪ್ರತಿಗಳನ್ನು ಮೊಬೈಲಿನಲ್ಲೂ ಇಮೇಲಿನಲ್ಲೂ ಇಟ್ಟುಕೊಳ್ಳಿ. 2020ರ ವಸಂತೋತ್ಸವಕ್ಕೆ ಊರಿಗೆ ಹೋದ ಎಷ್ಟೋ ಶಿಕ್ಷಕರು ಮಾರ್ಚ್ 28ರಂದು ಚೀನಾ ಹೊರದೇಶದವರಿಗೆ ಬಾಗಿಲು ಹಾಕಿದಾಗ ಹೊರಗೇ ಉಳಿದರು, ಅವರ ಪುಸ್ತಕ, ಪತ್ರ, ಬಟ್ಟೆಬರೆಗಳೆಲ್ಲ ಇಲ್ಲಿನ ಕೋಣೆಗಳಲ್ಲಿ ಉಳಿದವು. ಮೂಲ ಪ್ರಮಾಣಪತ್ರಗಳನ್ನು ನಾನು ಅಂದಿನಿಂದ ಜೊತೆಯಲ್ಲೇ ಒಯ್ಯುತ್ತೇನೆ.

ರಜೆಯ ಸಂಬಳ

ಹಬ್ಬದ 4 ದಿನಕ್ಕೆ ಸಂಬಳ ಕೊಡಬೇಕೆಂದು ಕಾನೂನು ಹೇಳುತ್ತದೆ. ಆ ದಿನಗಳಲ್ಲಿ ಕೆಲಸ ಮಾಡಿಸಿಕೊಂಡರೆ ದಿನದ ಸಂಬಳದ ಮೂರರಷ್ಟು ಕೊಡಬೇಕು. ಉಳಿದ ವಾರಗಳದ್ದೆಲ್ಲ ಕರಾರಿನ ಮಾತು. ಕೆಲವು ಕಡೆ ಪೂರ್ಣ ಸಂಬಳ, ಕೆಲವು ಕಡೆ ಅರ್ಧ, ಕೆಲವು ಕಡೆ ಮೂಲವೇತನ ಮಾತ್ರ, ಗಂಟೆ ಲೆಕ್ಕದವರಿಗೆ ಏನೂ ಇಲ್ಲ. ಕರಾರಿನ ಚೀನೀ ಪಠ್ಯ ಮತ್ತು ಇಂಗ್ಲಿಷ್ ಪಠ್ಯ ಎರಡರಲ್ಲೂ ಚಳಿಗಾಲದ ರಜೆ ಎಂದು ಹೆಸರಿಟ್ಟು ಬರೆದಿದೆಯೇ ನೋಡಿ. ‘ರಾಷ್ಟ್ರೀಯ ರಜೆಗಳು ಸಂಬಳಸಹಿತ’ ಎಂದಷ್ಟೇ ಇದ್ದರೆ ಅದು 4 ದಿನದ ಮಾತು. ಸಹಿ ಮಾಡುವ ಮುನ್ನ ಆ ಸಾಲನ್ನು ತಿದ್ದಿಸಿ. ಮಾಡಿದ ಮೇಲೆ ತಿದ್ದಿಸುವುದು ಕಷ್ಟ.

ವಿಮಾನದ ಖರ್ಚು ಕೊಡುವ ಶಾಲೆಗಳು ಟಿಕೆಟ್, ರಶೀದಿ ಮತ್ತು ವಿಮಾನ ಹತ್ತುವ ಚೀಟಿ (ಬೋರ್ಡಿಂಗ್ ಪಾಸ್) ಕೇಳುತ್ತವೆ. ಹತ್ತುವ ಚೀಟಿಯನ್ನು ವಿಮಾನದ ಸೀಟಿನ ಜೇಬಿನಲ್ಲಿ ಬಿಟ್ಟುಬರಬೇಡಿ.

ಊರಿಗೆ ಹಣ ಕಳಿಸುವವರು ಹಬ್ಬಕ್ಕೆ ಎರಡು ವಾರ ಮೊದಲೇ ಬ್ಯಾಂಕಿಗೆ ಹೋಗಿ. ಸಂಬಳದ ಯುವಾನನ್ನು ಹೊರದೇಶದ ಹಣಕ್ಕೆ ಬದಲಿಸಲು ಪಾಸ್‌ಪೋರ್ಟ್, ಕರಾರು ಮತ್ತು ತೆರಿಗೆ ಕಟ್ಟಿದ ದಾಖಲೆ ಬೇಕು. ಪಾಸ್‌ಪೋರ್ಟ್ ಪೊಲೀಸರ ಬಳಿ ಇದ್ದರೆ ಈ ಕೆಲಸವೂ ನಿಲ್ಲುತ್ತದೆ.

ಹಲವು ವರ್ಷ ಇಲ್ಲೇ ಇರುವವರಿಗೆ ಇನ್ನೊಂದು ವಿಷಯ. 2019ರಿಂದ ಜಾರಿಯಲ್ಲಿರುವ ತೆರಿಗೆ ನಿಯಮದಂತೆ, ವರ್ಷಕ್ಕೆ 183 ದಿನ ಅಥವಾ ಹೆಚ್ಚು ಚೀನಾದಲ್ಲಿದ್ದು, ಹಾಗೆ ಸತತ ಆರು ವರ್ಷ ಕಳೆದರೆ ಏಳನೆಯ ವರ್ಷದಿಂದ ಭಾರತದ ಬಾಡಿಗೆ, ಬಡ್ಡಿಯ ಆದಾಯವೂ ಚೀನಾದ ತೆರಿಗೆಯ ಲೆಕ್ಕಕ್ಕೆ ಬರಬಹುದು. ಆ ಆರು ವರ್ಷಗಳಲ್ಲಿ ಯಾವುದಾದರೂ ಒಂದು ವರ್ಷ ಒಂದೇ ಸಲಕ್ಕೆ 30 ದಿನಕ್ಕಿಂತ ಹೆಚ್ಚು ದೇಶದ ಹೊರಗಿದ್ದರೆ ಎಣಿಕೆ ಮತ್ತೆ ಮೊದಲಿನಿಂದ ಶುರು. ವಿಶ್ವವಿದ್ಯಾಲಯದ ಉದ್ದನೆಯ ಚಳಿಗಾಲದ ರಜೆ ಇದಕ್ಕೆ ಹೇಳಿ ಮಾಡಿಸಿದಂತಿದೆ. ಅಂಚಿನಲ್ಲಿ ನಿಲ್ಲದೆ ನಾಲ್ಕೈದು ದಿನ ಹೆಚ್ಚೇ ಇರಿ.

ಈಗ ಟಿಕೆಟ್

ಹಬ್ಬಕ್ಕೆ 15 ದಿನ ಮುಂಚೆ ಶುರುವಾಗಿ 40 ದಿನ ನಡೆಯುವ ಪ್ರಯಾಣದ ನೆರೆಗೆ ಛುನ್‌ಯೂನ್ ಎನ್ನುತ್ತಾರೆ. 2026ರಲ್ಲಿ ಅದು ಫೆಬ್ರವರಿ 2ರಿಂದ ಮಾರ್ಚ್ 13. 2027ರ ಹಬ್ಬಕ್ಕೆ ಇದೇ ಲೆಕ್ಕ ಹಿಡಿದರೆ ಜನವರಿ 22ರ ಸುಮಾರಿಗೆ ಶುರು. ನಿಮ್ಮ ಊರಿನಿಂದ ವಿಮಾನ ನಿಲ್ದಾಣದ ನಗರಕ್ಕೆ ಹೋಗುವ ರೈಲಿನ ಟಿಕೆಟ್ಟೇ ಇಲ್ಲಿ ದೊಡ್ಡ ತಲೆನೋವು. 12306 ಎಂಬ ರೈಲ್ವೆಯ ಆ್ಯಪ್‌ನಲ್ಲಿ ಪ್ರಯಾಣಕ್ಕೆ 15 ದಿನ ಇರುವಾಗ ಮಾರಾಟ ತೆರೆಯುತ್ತದೆ. ಆ ದಿನಕ್ಕೆ ವಾರ ಮೊದಲೇ ಪಾಸ್‌ಪೋರ್ಟ್ ಮೂಲಕ ಗುರುತಿನ ಪರಿಶೀಲನೆ ಮುಗಿಸಿ, ಮಾರಾಟ ತೆರೆಯುವ ನಿಮಿಷಕ್ಕೆ ಬೆರಳು ಸಿದ್ಧವಿಟ್ಟುಕೊಳ್ಳಿ. ನಿಲ್ದಾಣದಲ್ಲಿ ತಾನಾಗಿ ತೆರೆಯುವ ಬಾಗಿಲು ನಮ್ಮ ಪಾಸ್‌ಪೋರ್ಟನ್ನು ಓದದಿದ್ದರೆ ಪಕ್ಕದಲ್ಲಿ ಸಿಬ್ಬಂದಿ ನಿಂತ ದಾರಿಗೆ ಹೋಗಿ. ಅಲ್ಲಿ ಸಾಲು ಉದ್ದವಿರುತ್ತದೆ, ಅರ್ಧ ಗಂಟೆ ಹೆಚ್ಚು ಇಟ್ಟುಕೊಳ್ಳಿ.

ವಿಮಾನದ ವಿಷಯ: 2020ರಲ್ಲಿ ನಿಂತಿದ್ದ ಭಾರತ–ಚೀನಾ ನೇರ ವಿಮಾನಗಳು 2025ರ ಅಕ್ಟೋಬರ್ 26ರಂದು ಇಂಡಿಗೋದ ಕೋಲ್ಕತ್ತ–ಗ್ವಾಂಗ್‌ಝೌ ಹಾರಾಟದೊಂದಿಗೆ ಮತ್ತೆ ಶುರುವಾದವು, ನವೆಂಬರಿನಲ್ಲಿ ದೆಹಲಿಯಿಂದ ಗ್ವಾಂಗ್‌ಝೌ ಮತ್ತು ಶಾಂಘೈಗೂ ಬಂದವು. ಬೆಂಗಳೂರಿಗೆ ಹೋಗುವವರು ಹಾಂಗ್‌ಕಾಂಗ್, ಸಿಂಗಪುರ, ಕ್ವಾಲಾಲಂಪುರ, ಬ್ಯಾಂಕಾಕ್ ದಾರಿಗಳನ್ನೂ ಹೋಲಿಸಿ ನೋಡಬೇಕು. ಚೀನಾದ ಕುಟುಂಬಗಳು ಹಬ್ಬದ ರಜೆಗೆ ಹೊರಡುವುದೂ ಇದೇ ಊರುಗಳಿಗೆ, ಆದ್ದರಿಂದ ಸೀಟುಗಳು ಬೇಗ ತುಂಬುತ್ತವೆ. ಅಗ್ಗವಾಯಿತೆಂದು ಎರಡು ಬೇರೆ ಬೇರೆ ಟಿಕೆಟ್ ತೆಗೆದರೆ ನಡುವೆ ಸಾಮಾನು ಇಳಿಸಿಕೊಳ್ಳಲು ಆ ದೇಶದೊಳಗೆ ಕಾಲಿಡಬೇಕಾಗಬಹುದು. ಹಾಂಗ್‌ಕಾಂಗ್‌ನಲ್ಲಿ ಅದಕ್ಕೆ ಭಾರತೀಯರು ಮುಂಚಿತವಾಗಿ ನೋಂದಣಿ ಮಾಡಿಸಿಕೊಂಡಿರಬೇಕು. ಒಂದೇ ಟಿಕೆಟ್ಟಿನಲ್ಲಿ, ಸಾಮಾನು ನೇರ ಬೆಂಗಳೂರಿಗೆ ಹೋಗುವಂತೆ ತೆಗೆಯುವುದು ಕ್ಷೇಮ.

ಕೊನೆಯ ಕೆಲಸದ ದಿನಕ್ಕೂ ವಿಮಾನಕ್ಕೂ ನಡುವೆ ಕನಿಷ್ಠ ಎರಡು ದಿನ ಬಿಡಿ. ಮರಳುವಾಗ ಮೂರು ದಿನ. ಭಾರತಕ್ಕೂ ಚೀನಾಕ್ಕೂ ಗಡಿಯಾರದ ಅಂತರ ಎರಡೂವರೆ ಗಂಟೆ ಮಾತ್ರ, ಅದರ ಆಯಾಸ ಹೆಚ್ಚಿಲ್ಲ. ಆ ಮೂರು ದಿನ ಬೇಕಾದದ್ದು ತಪ್ಪಿಹೋಗಬಹುದಾದ ರೈಲಿಗೆ, ಮಂಜಿಗೆ, ತಣ್ಣಗಾದ ಮನೆಯನ್ನು ಮತ್ತೆ ಬೆಚ್ಚಗೆ ಮಾಡಿಕೊಳ್ಳುವುದಕ್ಕೆ.

ಚೀನಾದಲ್ಲೇ ಉಳಿಯುವವರಿಗೆ

ಎಲ್ಲರಿಗೂ ಪ್ರತಿ ವರ್ಷ ಊರಿಗೆ ಹೋಗಲಾಗದು. ಉಳಿದರೆ ನಗರ ಹೇಗೆ ಖಾಲಿಯಾಗುತ್ತದೆ ಎಂಬುದಕ್ಕೆ ಸಿದ್ಧರಾಗಿರಿ. ಹಬ್ಬಕ್ಕೆ ವಾರವಿರುವಾಗ ಕೊರಿಯರ್ ನಿಧಾನವಾಗುತ್ತದೆ, ಶಾಲೆಯ ಊಟದ ಮನೆ ಮುಚ್ಚುತ್ತದೆ, ಬೀದಿಯ ಹೋಟೆಲುಗಳ ಬಾಗಿಲಿಗೆ ಕೆಂಪು ಚೀಟಿ ಅಂಟುತ್ತದೆ. ಅಕ್ಕಿ, ಬೇಳೆ, ಗೋಧಿ ಹಿಟ್ಟು, ಮಸಾಲೆಯನ್ನು ಹತ್ತು ದಿನ ಮೊದಲೇ ತರಿಸಿ. ಶಾಲೆಯ ಆವರಣದಲ್ಲೇ ವಾಸವಿದ್ದರೆ ರಜೆಯಲ್ಲಿ ಬಿಸಿನೀರು, ಗೇಟಿನ ಸಮಯ ಹೇಗೆ ಎಂದು ಕಾವಲುಗಾರರನ್ನು ಕೇಳಿ. ಹ್ವಾಯ್ ನದಿಗೆ ಉತ್ತರದ ನಗರಗಳಲ್ಲಿ ಮನೆಮನೆಗೂ ಕೇಂದ್ರ ವ್ಯವಸ್ಥೆಯ ಬಿಸಿ ಬರುತ್ತದೆ, ದಕ್ಷಿಣದಲ್ಲಿ ಇಲ್ಲ. ನಮ್ಮ ಜ್ಯಾಂಗ್‌ಸೂ ಪ್ರಾಂತ್ಯದ ದಕ್ಷಿಣ ಭಾಗದಲ್ಲಿ ಮನೆಯೊಳಗೇ ಉಸಿರು ಹೊಗೆಯಾಗುತ್ತದೆ.

ಒಂದು ವರ್ಷ ಉಳಿದಿದ್ದಾಗ ಸಹೋದ್ಯೋಗಿಯೊಬ್ಬರು ಹಬ್ಬದ ಹಿಂದಿನ ರಾತ್ರಿಯ ಊಟಕ್ಕೆ ತಮ್ಮ ಹಳ್ಳಿಯ ಮನೆಗೆ ಕರೆದುಕೊಂಡು ಹೋದರು. ನಾನು ಮಾಂಸ ತಿನ್ನುವುದಿಲ್ಲ ಎಂದು ಅವರು ಮೊದಲೇ ಫೋನಿನಲ್ಲಿ ತಿಳಿಸಿದ್ದರು. ಅವರ ತಾಯಿ ಹಿಟ್ಟು ಹಚ್ಚಿದ ಮರದ ಹಲಗೆಯ ಒಂದು ಮೂಲೆಯನ್ನು ಒರೆಸಿ ಬೇರೆ ಮಾಡಿಕೊಂಡು, ಎಲೆಕೋಸು, ಅಣಬೆ, ಶಾವಿಗೆ ತುಂಬಿದ ಜ್ಯಾವ್‌ಝಗಳನ್ನು ನನಗೆಂದೇ ಮಡಚುತ್ತಿದ್ದರು. ಅಂಚು ಒತ್ತುವ ಆ ಹೆಬ್ಬೆರಳು ನಾಗರ ಪಂಚಮಿಯಲ್ಲಿ ಕಡುಬು ಮಡಚುವ ನನ್ನ ಅಜ್ಜಿಯದೇ. ಗುರುತಿಗೆಂದು ನನ್ನವುಗಳ ತುದಿಯನ್ನು ಅವರು ಬೇರೆ ರೀತಿ ಚಿವುಟಿದ್ದರು, ಬೇಯಿಸಿದ್ದೂ ಬೇರೆ ಪಾತ್ರೆಯಲ್ಲಿ. ಅಂಥ ಕರೆ ಬಂದರೆ ಹೋಗಿ. ಹಣ್ಣಿನ ಪೆಟ್ಟಿಗೆ ಅಥವಾ ಒಣಹಣ್ಣು ಒಯ್ಯಿರಿ. ಗಡಿಯಾರ ಉಡುಗೊರೆ ಕೊಡಬಾರದು, ಚೀನೀ ಭಾಷೆಯಲ್ಲಿ ಆ ಮಾತು ಸಾವಿನ ಕೊನೆಯ ಸೇವೆಗೆ ಹೇಳುವ ಮಾತಿನಂತೆಯೇ ಕೇಳಿಸುತ್ತದೆ. ಮನೆಯಲ್ಲಿ ಮಕ್ಕಳಿದ್ದರೆ ಕೆಂಪು ಲಕೋಟೆಯಲ್ಲಿ ಹೊಸ ನೋಟು ಇಟ್ಟುಕೊಡಿ, ಮೊತ್ತದಲ್ಲಿ 4 ಬರದಿರಲಿ. ಅಲ್ಲಿ ರಾತ್ರಿ ತಂಗಿದರೆ 24 ಗಂಟೆಯೊಳಗೆ ಸ್ಥಳೀಯ ಠಾಣೆಯಲ್ಲಿ ನೋಂದಣಿ ಆಗಬೇಕು. ಹೋಟೆಲಾದರೆ ಅವರೇ ಮಾಡುತ್ತಾರೆ, ಮನೆಯಾದರೆ ನೀವೂ ಆ ಮನೆಯವರೂ ಹೋಗಿ ಮಾಡಿಸಬೇಕು.

ಮರಳಿದ ಮೇಲೆ

2025ರ ನವೆಂಬರ್ 20ರಿಂದ ಚೀನಾದ ಆಗಮನ ಚೀಟಿಯನ್ನು ಮುಂಚಿತವಾಗಿ ಅಂತರ್ಜಾಲದಲ್ಲೇ ತುಂಬಬಹುದು. ಬೆಂಗಳೂರು ಬಿಡುವ ಮುನ್ನ ತುಂಬಿದರೆ ಇಳಿದ ಮೇಲೆ ಪೆನ್ನು ಹುಡುಕುವ ಕೆಲಸ ತಪ್ಪುತ್ತದೆ. ಮನೆ ತಲುಪಿದ 24 ಗಂಟೆಯೊಳಗೆ ಠಾಣೆಯ ನೋಂದಣಿ ಇಲ್ಲೂ ಅನ್ವಯಿಸುತ್ತದೆ. ಅದೇ ವಿಳಾಸಕ್ಕೆ ಮರಳಿದವರು ಮತ್ತೆ ಮಾಡಿಸಬೇಕೇ ಎಂಬುದರಲ್ಲಿ ಊರಿಂದೂರಿಗೆ ಪದ್ಧತಿ ಬೇರೆ, ಆದ್ದರಿಂದ ಹೊರಡುವ ಮುನ್ನವೇ ನಿಮ್ಮ ಠಾಣೆಯಲ್ಲಿ ಕೇಳಿಟ್ಟುಕೊಳ್ಳಿ. ಪ್ರವೇಶದ ಮುದ್ರೆ ಬಿದ್ದ ಪುಟದ ಚಿತ್ರ ತೆಗೆದು ಸಿಬ್ಬಂದಿ ವಿಭಾಗಕ್ಕೆ ಅಂದೇ ಕಳಿಸಿ.

ಆಮೇಲೆ ಇನ್ನೊಂದೇ ಪ್ರಶ್ನೆ ಉಳಿಯುತ್ತದೆ. ಅವಧಿ ಶುರುವಾದ ವಾರವೇ ಸಾಲದ ಶನಿವಾರ ಬಂದಿದ್ದರೆ, ಆ ದಿನ ವಾರದ ಯಾವ ದಿನದ ವೇಳಾಪಟ್ಟಿ ನಡೆಯುತ್ತದೆ ಎಂದು ಕೇಳಿಕೊಳ್ಳಿ. ಕೆಲವು ವರ್ಷ ಅಂದು ಸೋಮವಾರದ ಪಾಠ, ಕೆಲವು ವರ್ಷ ಶುಕ್ರವಾರದ್ದು. ನಿಮಗೆ ಸೋಮವಾರ ಐದು ತರಗತಿ, ಶುಕ್ರವಾರ ಎರಡೇ ಎಂದಿದ್ದರೆ, ಶುಕ್ರವಾರ ಸಂಜೆ ಎಷ್ಟು ಹೊತ್ತಿಗೆ ಮಲಗಬೇಕೆಂಬುದು ಆ ಉತ್ತರದ ಮೇಲಿದೆ.